ಮನೆ ಹಿತ್ತಲುಗಳ ಉಪದ್ರವಕೀಟಗಳೂ ಅವುಗಳ ಹುಟ್ಟುನೆಲೆಗಳ ನಿವಾರಣೆಯೂ

ಹೊಲಗದ್ದೆಗಳ ಬೆಳೆಗೆ ತಗಲುವ ಹುಳುಗಳ ವಿಷಯದಲ್ಲಿ ಬೇಸಾಯಗಾರರು ಸಾಮಾನ್ಯವಾಗಿ ಎಚ್ಚರಿಕೆಯಿಂದಿರುತ್ತಾರೆ. ತೊಗರಿಯ ಕಾಯಿಗೋ ಭತ್ತದ ಸುಳಿಗೋ ಹುಳು ಬಿದ್ದಿತೆಂದರೆ ಒಡನೆಯೇ ಅದರ ಚಿಕಿತ್ಸೆಯನ್ನು ವಿಚಾರಿಸುವುದುಂಟು. ಆದರೆ ಮನೆಯೊಳಗೂ ಹಿತ್ತಲಿನಲ್ಲಿಯೂ ನಿತ್ಯವೂ ಕಾಣಬರುವ ನೊಣ, ಸೊಳ್ಳೆ, ಗೆದ್ದಲು, ಇರುವೆ ಮೊದಲಾದುವುಗಳನ್ನು ತಪ್ಪಿಸಲಾಗದ ಕಾಟವೆಂದು ಭಾವಿಸಿ ಸಹಿಸಿಕೊಂಡಿರುವುದೇ ವಾಡಿಕೆಯಾಗಿದೆ. ಈ ಸಹನೆಯಿಂದ ಆಗುವ ನಷ್ಟವು ಅಲ್ಪವಾದುದಲ್ಲ. ನೊಣವು ಕೂಸಿನ ಹಾಲಿಗೆ ಭೇದಿಯ ವಿಷವನ್ನು ತಂದು ಬೆರೆಸುತ್ತದೆ. ಸೊಳ್ಳೆಯು ಬಿತ್ತನೆಯ ಕಾಲದಲ್ಲಿಯೇ ಆಳುಗಳನ್ನು ಜ್ವರದಿಂದ ಮಲಗಿಸುತ್ತದೆ. ಗೆದ್ದಲು ಅಜ್ಜನ ಕಾಲದ ತೊಲೆಯನ್ನು ಒಳಗೊಳಗೇ ಟೊಳ್ಳು ಮಾಡುತ್ತದೆ. ತಿಪ್ಪೆಯಲ್ಲಿ ಬೆಳೆದ ದುಂಬಿಯು ಹತ್ತು ವರ್ಷ ಸಾಕಿದ ತೆಂಗಿನ ಸುಳಿಯನ್ನು ಕೊರೆಯುತ್ತದೆ.

ಈ ಕೀಟಗಳಲ್ಲಿ ಬಹುಭಾಗವು ಕಾಡಿನಿಂದಲಾಗಲಿ ಪರಸ್ಥಳದಿಂದಲಾಗಲಿ ಬರುವುವಲ್ಲ. ಮನೆಯವರೇ ತಿಳಿಯದೆ ಒದಗಿಸಿಕೊಟ್ಟ ನೆಲೆಗಳಲ್ಲಿ ಹುಟ್ಟಿ, ಅಲ್ಲಿಯೇ ಬೆಳೆದು, ಮನೆಯವರನ್ನೇ ಪೀಡಿಸುತ್ತವೆ. ಆದುದರಿಂದ ಹಾರುವ ಕೀಟವನ್ನು ಅಟ್ಟಿಕೊಂಡು ಹೋಗುವುದಕ್ಕಿಂತ ಅದು ಹುಟ್ಟುವ ನೆಲೆಯನ್ನು ಇಲ್ಲದಂತೆ ಮಾಡುವುದೇ ಸುಲಭವೂ ಶಾಶ್ವತವೂ ಆದ ಉಪಾಯವು. ಈ ತತ್ತ್ವವನ್ನು ಒಂದೊಂದು ಕೀಟಕ್ಕೂ ಹೇಗೆ ಅನ್ವಯಿಸಬೇಕೆಂಬುದನ್ನು ಮುಂದೆ ವಿವರಿಸಲಾಗಿದೆ.

೧. ಕೀಟಗಳ ಜೀವನಕ್ರಮ

ನೊಣ, ಸೊಳ್ಳೆ, ದುಂಬಿ ಈ ಮೂರು ಜಾತಿಗಳಿಗೂ ಜೀವಮಾನದಲ್ಲಿ ನಾಲ್ಕು ಅವಸ್ಥೆಗಳುಂಟು: ಮೊಟ್ಟೆ, ಮರಿಹುಳು, ಕೋಶ, ರೆಕ್ಕೆಯುಳ್ಳ ಪ್ರೌಢಕೀಟ. ಇವುಗಳಲ್ಲಿ ಮೊದಲಿನ ಮೂರು ಅವಸ್ಥೆಗಳನ್ನು ಕೀಟವು ಒಂದೇ ಸ್ಥಳದಲ್ಲಿ, ಅಥವಾ ಅದರ ಕೆಲವೇ ಮೊಳಗಳ ಸುತ್ತಿನಲ್ಲಿ ಕಳೆಯುತ್ತದೆ. ಆಗ ಅದಕ್ಕೆ ಹಾರುವ ಶಕ್ತಿಯಿಲ್ಲ. ತಪ್ಪಿಸಿಕೊಂಡು ದೂರ ಹೋಗಲಾರದು. ಒಂದು ಬುಟ್ಟಿ ಸಗಣಿಯಲ್ಲಿ ಸಾವಿರ ನೊಣದ ಮರಿಗಳೂ, ಒಂದು ಒಡಕು ಮಡಕೆಯ ನೀರಿನಲ್ಲಿ ನೂರಾರು ಸೊಳ್ಳೆಯ ಮರಿಗಳೂ ಒಟ್ಟಾಗಿ ಕೈಗೆ ಸಿಕ್ಕುವ ಕಾಲವೆಂದರೆ ಇದೇ. ರೆಕ್ಕೆ ಬಂದು ಹಾರಿಹೋದ ಮೇಲೆ ಅವುಗಳನ್ನು ಒಂದೊಂದಾಗಿ ಕೊಲ್ಲುವುದು ಚೆಲ್ಲಿದ ಸಾಸಿವೆಯನ್ನು ಆರಿಸಿದಂತೆ ಆಗುತ್ತದೆ.

ಒಂದು ಹೆಣ್ಣುನೊಣವು ಒಂದು ಸಲಕ್ಕೆ ೧೨೦ ಮೊಟ್ಟೆಗಳನ್ನಿಟ್ಟಿತೆಂದು ಇಟ್ಟುಕೊಂಡರೆ, ಅವುಗಳಲ್ಲಿ ಅರ್ಧ, ಎಂದರೆ ೬೦, ಹೆಣ್ಣಾಗುವುವು. ಆ ೬೦ರ ಸಂತಾನವು ೭,೨೦೦. ಅವುಗಳಲ್ಲಿ ಅರ್ಧವು ಮತ್ತೆ ಮೊಟ್ಟೆಯಿಟ್ಟರೆ ಮೂರನೆಯ ತಲೆಗೆ ೪,೩೨,೦೦೦ ಆಗುತ್ತದೆ. ಬೇಸಗೆಯಲ್ಲಿ ಇದಕ್ಕೆ ಸುಮಾರು ಒಂದೂವರೆ ತಿಂಗಳು ಸಾಕು. ಪಕ್ಷಿ, ಇರುವೆ, ಬಿಸಿಲು ಇವುಗಳಿಂದ ಬಹುಪಾಲು ನಾಶವಾಗುವುದರಿಂದ ಲೆಕ್ಕವು ಇಷ್ಟಕ್ಕೆ ಮುಟ್ಟುವುದಿಲ್ಲವೆಂಬುದು ನಿಜ. ಆದರೂ ಸಕಾಲದಲ್ಲಿ ಒಂದು ಬುಟ್ಟಿ ಸಗಣಿಯನ್ನು ಮುಚ್ಚುವುದಕ್ಕೂ ತಿಂಗಳಾದ ಮೇಲೆ ಊರೆಲ್ಲಾ ನೊಣವನ್ನು ಬೀಸಣಿಗೆಯಿಂದ ಅಟ್ಟುವುದಕ್ಕೂ ಇರುವ ಅಂತರವು ಈ ಲೆಕ್ಕದಿಂದ ಸ್ಪಷ್ಟವಾಗುವುದು.

೨. ತಿಪ್ಪೆಯೂ ನೊಣವೂ

ಮನೆನೊಣಕ್ಕೆ ಅತ್ಯಂತ ಪ್ರಿಯವಾದ ಹುಟ್ಟುನೆಲೆ ಹಸಿಯ ಗೊಬ್ಬರ. ಕುದುರೆಯ ಲದ್ದಿ, ದನಗಳ ಸಗಣಿ, ಕೋಳಿಯ ಹಿಕ್ಕೆ, ಕೊಳೆತ ತರಕಾರಿ, ಮನುಷ್ಯರ ಮಲ, ಇವೆಲ್ಲವೂ ಅದಕ್ಕೆ ಒಗ್ಗುತ್ತವೆ. ಮೊಟ್ಟೆಗಳು ಒಂದು ದಿನದೊಳಗಾಗಿ ಒಡೆದು ಬಿಳಿಯ ಮರಿಹುಳುಗಳು ಹೊರಡುತ್ತವೆ. ಅವು ನಾಲ್ಕರಿಂದ ಏಳು ದಿನಗಳಲ್ಲಿ ಬೆಳೆದು, ಒದ್ದೆಯ ಗೊಬ್ಬರವನ್ನು ಬಿಟ್ಟು ಅಂಚಿನ ಒಣ ಮಣ್ಣಿಗೆ ಸರಿದು, ಅಲ್ಲಿ ಕಂದುಬಣ್ಣದ ಕೋಶವಾಗುತ್ತವೆ. ಮತ್ತೆ ಮೂರರಿಂದ ಆರು ದಿನಗಳಲ್ಲಿ ನೊಣವು ಹೊರಬೀಳುತ್ತದೆ. ಬೇಸಗೆಯಲ್ಲಿ ಮೊಟ್ಟೆಯಿಂದ ನೊಣವಾಗಲು ಏಳೆಂಟು ದಿನಗಳಿಂದ ಹತ್ತು ದಿನಗಳಷ್ಟೇ ಸಾಕು. ಹೀಗೆ ಹುಟ್ಟಿದ ನೊಣವು ಒಂದು ಮೈಲಿಗಿಂತಲೂ ಹೆಚ್ಚು ದೂರ ಹಾರಬಲ್ಲುದು.

ನೊಣಕ್ಕೆ ಗಟ್ಟಿಯಾದ ಆಹಾರವನ್ನು ಅಗಿಯಲು ಹಲ್ಲಿಲ್ಲ. ಅದು ತನ್ನ ಹೊಟ್ಟೆಯೊಳಗಿನ ರಸವನ್ನು ಆಹಾರದ ಮೇಲೆ ಕಕ್ಕಿ, ಕರಗಿಸಿ, ಮತ್ತೆ ಹೀರುತ್ತದೆ. ಮಲದ ಮೇಲೆ ಕುಳಿತಿದ್ದ ನೊಣವು ಅಡಿಗೆಮನೆಗೆ ಬಂದು ಬೆಲ್ಲದ ಮೇಲೆ ಕುಳಿತಾಗ, ಅದರ ಕಾಲಿನ ಕೂದಲುಗಳಿಗೆ ಅಂಟಿದ ಕೊಳೆಯೂ ಕಕ್ಕಿದ ರಸವೂ ಬೆಲ್ಲಕ್ಕೆ ಸೇರುತ್ತವೆ. ವಾಂತಿಭೇದಿ, ಆಮಶಂಕೆ, ವಿಷಮಶೀತಜ್ವರ ಇವುಗಳ ಸೂಕ್ಷ್ಮಜೀವಿಗಳು ಹೀಗೆ ಮನೆಯಿಂದ ಮನೆಗೆ ಹರಡುವುದುಂಟು.

ದೀಪಾವಳಿಯಲ್ಲಿ ತಿಪ್ಪೆಗೆ ದೀಪವಿಟ್ಟು ಪೂಜಿಸುವ ವಾಡಿಕೆ ಅನೇಕ ಊರುಗಳಲ್ಲಿದೆ. ಗೊಬ್ಬರವೇ ಬೇಸಾಯದ ಬಂಡವಾಳವಾದುದರಿಂದ ಈ ಗೌರವವು ಉಚಿತವಾದುದೇ. ಆದರೆ ನೆಲದ ಮೇಲೆ ರಾಶಿ ಹಾಕಿ ಬಿಸಿಲು ಮಳೆಗಳಿಗೆ ಬಿಟ್ಟ ತಿಪ್ಪೆಯಲ್ಲಿ ಸಾರವೂ ಉಳಿಯುವುದಿಲ್ಲ, ನೊಣವೂ ತಪ್ಪುವುದಿಲ್ಲ. ಗೊಬ್ಬರವನ್ನು ಗುಂಡಿಯಲ್ಲಿ ಮಾಡಿ ಮುಚ್ಚುವುದರಿಂದ ಎರಡೂ ಕಾರ್ಯಗಳು ಒಮ್ಮೆಲೇ ನೆರವೇರುವುವು. ಅದರ ಕ್ರಮವು ಹೀಗಿದೆ:

(ಅ) ಮನೆಗೂ ಕುಡಿಯುವ ನೀರಿನ ಬಾವಿಗೂ ಸಾಧ್ಯವಾದಷ್ಟು ದೂರದಲ್ಲಿ, ಮಳೆಯ ನೀರು ನಿಲ್ಲದ ಎತ್ತರದ ಸ್ಥಳವನ್ನು ಆರಿಸತಕ್ಕದ್ದು. ಅಲ್ಲಿ ೨೦ರಿಂದ ೨೫ ಅಡಿ ಉದ್ದ, ೫ರಿಂದ ೬ ಅಡಿ ಅಗಲ, ೩ ಅಡಿ ಆಳವಿರುವಂತೆ ಗುಂಡಿಯನ್ನು ತೋಡಬೇಕು.

(ಆ) ಕೊಟ್ಟಿಗೆಯಲ್ಲಿ ಗಂಜಲವನ್ನು ಹೀರುವಂತೆ ತರಗೆಲೆ, ಹುಲ್ಲಿನ ಚೂರು ಅಥವಾ ಒಣಮಣ್ಣನ್ನು ಹರಡಿ, ಮರುದಿನ ಸಗಣಿಯೊಡನೆ ಇದನ್ನು ಗುಂಡಿಗೆ ಹಾಕಬೇಕು. ಗುಂಡಿಯ ಉದ್ದಕ್ಕೂ ಚೆಲ್ಲದೆ ಒಂದು ತುದಿಯಿಂದ ಮೂರು ಮೂರು ಅಡಿಯ ಭಾಗಗಳಾಗಿ ತುಂಬುತ್ತಾ ಬರತಕ್ಕದ್ದು. ದಿನದಿನದ ಹಸಿಗೊಬ್ಬರದ ಮೇಲೆ ತೆಳುವಾಗಿ ಮಣ್ಣನ್ನು ಎರಚುವುದು ಒಳ್ಳೆಯದು.

(ಇ) ಒಂದು ಭಾಗವು ನೆಲಮಟ್ಟಕ್ಕಿಂತ ಒಂದೂವರೆಯಿಂದ ಎರಡಡಿ ಎತ್ತರ ಬಂದೊಡನೆ ಅದನ್ನು ಗುಮ್ಮಟದಂತೆ ಮಾಡಿ, ಸಗಣಿ ಮಣ್ಣುಗಳನ್ನು ಕಲಸಿದ ರಾಡಿಯಿಂದ ಮೆತ್ತಿಬಿಡಬೇಕು. ಬಳಿಕ ಮುಂದಿನ ಭಾಗವನ್ನು ತುಂಬತೊಡಗಬೇಕು. ಮೆತ್ತಿದ ಗೊಬ್ಬರವು ನಾಲ್ಕೈದು ತಿಂಗಳುಗಳಲ್ಲಿ ಹದವಾಗುವುದು.

ಮುಚ್ಚಿದ ರಾಶಿಯ ಒಳಗೆ ಹುಟ್ಟುವ ಶಾಖದಿಂದ ಮರಿಹುಳುಗಳು ಸಾಯುತ್ತವೆ. ಮೆತ್ತಿಗೆಯು ಹೊರಗಿನ ನೊಣಕ್ಕೆ ಮೊಟ್ಟೆಯಿಡಲು ಎಡೆಗೊಡುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಡಾಕ್ಟರ್ ಸಿ. ಎನ್. ಆಚಾರ್ಯರು ೧೯೩೯ರಲ್ಲಿ ರೂಪಿಸಿದ, ‘ಬೆಂಗಳೂರು ಕ್ರಮ’ವೆಂದು ಹೆಸರಾದ ಕಾಂಪೋಸ್ಟ್ ವಿಧಾನದಲ್ಲಿಯೂ ಊರಿನ ಕಸವನ್ನೂ ಮಲವನ್ನೂ ಪದರಪದರವಾಗಿ ಗುಂಡಿಯಲ್ಲಿ ತುಂಬಿ ಮಣ್ಣಿನಿಂದ ಮುಚ್ಚುವುದೇ ಮುಖ್ಯಾಂಶವಾಗಿದೆ.

ಗುಂಡಿಯನ್ನು ತೋಡಲು ಸ್ಥಳವಿಲ್ಲದವರು ಏಳು ದಿನಗಳಿಗೆ ಒಮ್ಮೆ ತಪ್ಪದೆ ತಿಪ್ಪೆಯನ್ನು ಹೊಲಕ್ಕೆ ಸಾಗಿಸಿ ತೆಳುವಾಗಿ ಹರಡಬೇಕು. ತಿಪ್ಪೆಯ ಸುತ್ತಲೂ ಒಂದು ಮೊಳದಗಲ ನೆಲವನ್ನು ಆಗಾಗ್ಗೆ ಕೆದಕಿಸಿದರೆ ಅಲ್ಲಿ ಅಡಗಿರುವ ಕೋಶಗಳನ್ನು ಕೋಳಿಗಳು ಆರಿಸಿ ತಿನ್ನುವುವು. ಪಾಯಿಖಾನೆಯ ಗುಂಡಿಗೆ ಮುಚ್ಚಳವೂ ಅದರ ಗಾಳಿಕೊಳವೆಯ ತುದಿಗೆ ಸಣ್ಣ ಕಣ್ಣಿನ ಜಾಲರಿಯೂ ಅವಶ್ಯವಾಗಿ ಇರತಕ್ಕದ್ದು.

೩. ತಿಪ್ಪೆಯೂ ತೆಂಗಿನ ಕುರುವಾಯಿಯೂ

ತೆಂಗಿನ ತೋಟವುಳ್ಳ ಭೂಮಾಲಿಕರು ತಿಪ್ಪೆಯ ಮೇಲೆ ಕಣ್ಣಿಡಬೇಕಾದುದಕ್ಕೆ ಇನ್ನೊಂದು ಕಾರಣವುಂಟು. ತೆಂಗಿನ ಸುಳಿಯನ್ನು ಕೊರೆಯುವ ಕುರುವಾಯಿ ದುಂಬಿಯು, ಎಂದರೆ ತಲೆಯ ಮೇಲೆ ಕೊಂಬುಳ್ಳ ಕಪ್ಪುದುಂಬಿಯು, ಹುಟ್ಟಿ ಬೆಳೆಯುವುದು ತೆಂಗಿನಲ್ಲಲ್ಲ. ಗೊಬ್ಬರದ ಗುಂಡಿಯಲ್ಲಿ ಮತ್ತು ಕೊಳೆತ ತೆಂಗಿನ ಕಾಂಡದಲ್ಲಿ. ಗೊಬ್ಬರವನ್ನು ಎತ್ತುವಾಗ ಕಾಣುವ, ಹೆಬ್ಬೆರಳಿನಷ್ಟು ದಪ್ಪನಾದ, ಕೊಕ್ಕೆಯಂತೆ ಬಾಗಿದ ಬಿಳಿಯ ಹುಳುವೇ ಇದರ ಮರಿ. ಅನೇಕರು ಇದನ್ನು ‘ಗೊಬ್ಬರದ ಹುಳು’ವೆಂದು ಉಪೇಕ್ಷಿಸಿ, ಗೊಬ್ಬರದೊಡನೆ ಬಂಡಿಯಲ್ಲಿ ತುಂಬಿ ತೋಟದ ಬುಡಕ್ಕೇ ಕೊಂಡೊಯ್ಯುತ್ತಾರೆ. ಶತ್ರುವನ್ನು ಹೊತ್ತುಕೊಂಡು ಹೋಗಿ ಕೋಟೆಯ ಬಾಗಿಲಲ್ಲಿ ಇಳಿಸಿದಂತಾಗುವುದು ಹೀಗೆ.

ಮೊಟ್ಟೆಯು ಸುಮಾರು ಹತ್ತು ದಿನಗಳಲ್ಲಿ ಒಡೆಯುತ್ತದೆ. ಮರಿಹುಳುವು ಮೂರು ನಾಲ್ಕು ತಿಂಗಳ ಕಾಲ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ಗೊಬ್ಬರವನ್ನು ತಿಂದು ಬೆಳೆಯುತ್ತದೆ. ಬಳಿಕ ಕೋಶಾವಸ್ಥೆಯನ್ನು ಕಳೆದು ದುಂಬಿಯಾಗಿ ಹೊರಟು, ರಾತ್ರಿಯ ವೇಳೆ ತೆಂಗಿನ ತಲೆಗೆ ಹಾರಿ, ಮಡಲುಗಳ ಸಂದಿನಿಂದ ಎಳೆಯ ಸುಳಿಯೊಳಕ್ಕೆ ಕೊರೆಯುತ್ತದೆ. ಆ ಸುಳಿಯು ಅರಳಿದಾಗ ಗರಿಗಳು ಕತ್ತರಿಯಿಂದ ಓರೆಯಾಗಿ ಕತ್ತರಿಸಿದಂತೆ ತೋರುವುದೇ ಇದರ ಗುರುತು. ದೊಡ್ಡ ಮರವು ಇಳುವರಿಯಲ್ಲಿ ಕುಗ್ಗಿದರೂ ಬದುಕಿಕೊಳ್ಳಬಹುದು. ಎಳೆಯ ಗಿಡದ ಮೊಳಕೆಗೆ ಪೆಟ್ಟು ತಗಲಿದರೆ ಗಿಡವೇ ಸಾಯುವುದುಂಟು. ಇದರ ಮೇಲೆ, ದುಂಬಿಯು ಮಾಡಿದ ಗಾಯದ ವಾಸನೆಗೆ ಕೆಂಪುಮೂತಿ ಹುಳುವು ಬಂದು ಮೊಟ್ಟೆಯಿಡುತ್ತದೆ. ಕೆಂಪುಮೂತಿ ಹುಳುವಿನ ಮರಿಯು ತಿರುಳನ್ನು ತಿಂದ ಮರವು ಉಳಿಯುವುದು ದುರ್ಲಭ.

ನಿವಾರಣೆಗೆ ಕೆಳಕಂಡ ಕ್ರಮಗಳನ್ನು ಅನುಸರಿಸತಕ್ಕದ್ದು. ಗೊಬ್ಬರವನ್ನು ಎತ್ತುವಾಗಲೆಲ್ಲಾ ಮರಿಹುಳುಗಳನ್ನು ಆರಿಸಿ ಕೋಳಿಗಳಿಗೆ ಹಾಕಬೇಕು. ಮೆತ್ತದೆ ಬಿಟ್ಟ ಗುಂಡಿಯನ್ನು ನಾಲ್ಕು ತಿಂಗಳಿಗೆ ಮೀರಿ ಇಡಕೂಡದು. ಸತ್ತ ತೆಂಗಿನ ಮರವನ್ನೂ ಅದರ ಕೊರಡನ್ನೂ ತೋಟದಲ್ಲಿ ಕೊಳೆಯಗೊಡದೆ ಸೀಳಿ ಸೌದೆಯಾಗಿ ಉಪಯೋಗಿಸಬೇಕು. ಈ ಹುಳುಗಳಿಗೆ ರೋಗವನ್ನುಂಟುಮಾಡುವ, ಮೆಟರೈಜಿಯಂ ಎಂಬ ಹಸಿರುಬಣ್ಣದ ಬೂಷ್ಟನ್ನು ಗೊಬ್ಬರದ ಗುಂಡಿಗೆ ಬೆರೆಸುವ ಕ್ರಮವೂ ಈಗ ಬಳಕೆಯಲ್ಲಿದೆ. ಅದು ದನಕರುಗಳಿಗೆ ಕೆಡುಕು ಮಾಡುವುದಿಲ್ಲ. ಮರದ ಸುಳಿಯಲ್ಲಿ ಹೊಸ ತೂತು ಕಂಡರೆ ಕಬ್ಬಿಣದ ಕೊಕ್ಕೆಯಿಂದ ದುಂಬಿಯನ್ನು ಎಳೆದು ತೆಗೆಯಬೇಕು. ಎಳೆಯ ಗಿಡಗಳಲ್ಲಿ ತಲೆಯ ಮೂರು ಮಡಲುಗಳ ಸಂದಿಗೆ ಬೇವಿನ ಹಿಂಡಿಯ ಪುಡಿಯನ್ನೂ ಮರಳನ್ನೂ ಬೆರೆಸಿ ವರ್ಷಕ್ಕೆ ಮೂರಾವರ್ತಿ ತುಂಬುವುದರಿಂದ ದುಂಬಿಯು ಒಳನುಗ್ಗಲು ಅಡ್ಡಿಯಾಗುತ್ತದೆ.

ಇಲ್ಲಿ ಗಮನಿಸಬೇಕಾದುದೇನೆಂದರೆ, ದುಂಬಿಗೆ ಬೇಲಿಯಿಲ್ಲ. ಒಬ್ಬನು ತನ್ನ ತೋಟದ ಗುಂಡಿಯನ್ನು ಎಷ್ಟು ಚೊಕ್ಕಟವಾಗಿಟ್ಟರೂ ನೆರೆಯವನ ಕೊಳೆತ ಕೊರಡುಗಳಿಂದ ದುಂಬಿಯು ಹಾರಿ ಬರುವುದು ತಪ್ಪದು.

೪. ನಿಂತ ನೀರೂ ಸೊಳ್ಳೆಯೂ

ಸೊಳ್ಳೆಯು ನೀರಿಲ್ಲದೆ ಹುಟ್ಟಲಾರದು. ಹಸಿರು ಗಿಡಗಳಲ್ಲಿ ಸೊಳ್ಳೆಯು ಹುಟ್ಟುವುದೆಂಬ ಭಾವನೆಯು ತಪ್ಪು. ಗಿಡಗಳ ನೆರಳಿನಲ್ಲಿ ಅದು ಹಗಲು ಹೊತ್ತು ವಿಶ್ರಮಿಸಿಕೊಳ್ಳುವುದಷ್ಟೇ. ನೀರಿನ ಮೇಲೆ ಅಥವಾ ನೀರಿನಂಚಿನಲ್ಲಿ ಇಟ್ಟ ಮೊಟ್ಟೆಯಿಂದ ಮರಿಯೂ ಮರಿಯಿಂದ ಕೋಶವೂ ಆಗಿ, ಬೇಸಗೆಯಲ್ಲಿ ಏಳರಿಂದ ಹತ್ತು ದಿನಗಳೊಳಗೆ ಸೊಳ್ಳೆಯು ಹೊರಡುತ್ತದೆ. ಇದರಿಂದ, ಯಾವ ನೀರನ್ನೂ ಏಳು ದಿನಗಳಿಗಿಂತ ಹೆಚ್ಚು ಕಾಲ ಅಲುಗದೆ ನಿಲ್ಲಗೊಡಕೂಡದೆಂಬ ನಿಯಮವು ಸಿದ್ಧವಾಗುತ್ತದೆ.

ಈ ನಿಯಮಕ್ಕೂ ಕನ್ನಡ ನಾಡಿಗೂ ಒಂದು ಸಂಬಂಧವುಂಟು. ೧೮೮೩ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್ ಎಂಬವರು ತಮ್ಮ ಬಂಗಲೆಯಲ್ಲಿ ಸೊಳ್ಳೆಗಳು ವಿಪರೀತವಾಗಿರುವುದನ್ನು ಕಂಡು ಹುಡುಕಲಾಗಿ, ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಅವುಗಳ ಮರಿಗಳು ತುಂಬಿದ್ದುವು. ಆ ನೀರನ್ನು ಚೆಲ್ಲಿಸಿದ ಮೇಲೆ ಸೊಳ್ಳೆಗಳ ಕಾಟವು ಇಳಿಯಿತು. ಇದೇ ರಾಸ್‌ರವರು ೧೮೯೭ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಜ್ವರದ ಜೀವಿಯನ್ನು ಕಂಡುಹಿಡಿದು, ೧೯೦೨ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು.

ಸೊಳ್ಳೆಗಳಲ್ಲಿ ಮೂರು ಕುಲಗಳನ್ನು ಗುರುತಿಸಲು ತಿಳಿದಿದ್ದರೆ ಸಾಕು. ಮೊದಲನೆಯದು ಮಲೇರಿಯಾ ಹರಡುವ ಅನಾಫಿಲೀಸ್. ಇದರ ಮರಿಯು ನೀರಿನ ಮೇಲ್ಮೈಗೆ ಸಮನಾಗಿ ಮಲಗಿರುತ್ತದೆ. ಸೊಳ್ಳೆಯು ಗೋಡೆಯ ಮೇಲೆ ಬಾಲವನ್ನು ಮೇಲೆತ್ತಿ ಕೂರುತ್ತದೆ. ಬಾವಿ, ತೊಟ್ಟಿ, ಹಳ್ಳದ ಮಡು, ಕಾಲುವೆಯ ಅಂಚು ಮುಂತಾದ ತಿಳಿನೀರೇ ಇದಕ್ಕೆ ಇಷ್ಟ. ಎರಡನೆಯದು ಆನೆಕಾಲು ರೋಗವನ್ನು ಹರಡಬಲ್ಲ ಕ್ಯೂಲೆಕ್ಸ್. ಇದರ ಮರಿಯು ತಲೆಕೆಳಗಾಗಿ ನೇತಾಡುತ್ತದೆ; ಬಚ್ಚಲಿನ ಕೊಳಚೆ, ಚರಂಡಿ, ಪಾಯಿಖಾನೆಯ ಗುಂಡಿ ಇದರ ನೆಲೆ. ಮೂರನೆಯದು ಮೈಕಾಲುಗಳ ಮೇಲೆ ಬಿಳಿಯ ಪಟ್ಟೆಗಳುಳ್ಳ ಈಡೀಸ್. ಇದು ಹಗಲಿನಲ್ಲಿ ಕಚ್ಚಿ ಡೆಂಗೀ, ಚಿಕೂನ್‌ಗುನ್ಯಾ ಜ್ವರಗಳನ್ನು ಹರಡುತ್ತದೆ.

ಈಡೀಸ್ ಸೊಳ್ಳೆಯು ಹುಟ್ಟಲು ಒಂದು ಚಿಪ್ಪು ನೀರು ಸಾಕು. ಹಿತ್ತಲಿನ ತೆಂಗಿನ ಕರಟ, ಮೂಲೆಯಲ್ಲಿ ಬಿದ್ದ ಒರಳುಕಲ್ಲಿನ ಕುಳಿ, ಒಡಕು ಮಡಕೆ, ಹಳೆಯ ಟಯರು, ಹೂವಿನ ಕುಂಡದ ತಟ್ಟೆ, ಅಡಿಕೆಯ ತೋಟದಲ್ಲಿ ಉದುರಿ ಮಳೆನೀರು ತುಂಬಿದ ಹಾಳೆ, ರಬ್ಬರು ತೋಟದಲ್ಲಿ ಮಗುಚದೆ ಬಿಟ್ಟ ಹಾಲಿನ ಚಿಪ್ಪು, ಇವೆಲ್ಲವೂ ಅದರ ತೊಟ್ಟಿಲುಗಳು. ಇರುವೆ ಹತ್ತದಂತೆ ಕಪಾಟಿನ ಕಾಲುಗಳ ಕೆಳಗೆ ಇಡುವ ನೀರಿನ ಬಟ್ಟಲೂ ಇದೇ ಸಾಲಿಗೆ ಸೇರುತ್ತದೆ. ಈ ಜಾತಿಯ ಮೊಟ್ಟೆಯು ಪಾತ್ರೆಯ ಒಳಮೈಗೆ ಅಂಟಿಕೊಂಡು ನೀರು ಒಣಗಿದರೂ ತಿಂಗಳುಗಟ್ಟಲೆ ಜೀವದಿಂದಿದ್ದು, ಮತ್ತೆ ನೀರು ಬಿದ್ದೊಡನೆ ಒಡೆಯುತ್ತದೆ. ಆದುದರಿಂದ ನೀರನ್ನು ಚೆಲ್ಲಿದರೆ ಮಾತ್ರ ಸಾಲದು. ಹಂಡೆ, ಗುಡಾಣ, ತೊಟ್ಟಿಗಳ ಒಳಮೈಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು ಒಣಗಿಸತಕ್ಕದ್ದು.

ಕೈಕೊಳ್ಳಬೇಕಾದ ಕ್ರಮಗಳು ಇವು: ವಾರಕ್ಕೆ ಒಂದು ದಿನವನ್ನು ಗೊತ್ತುಮಾಡಿ ಅಂದು ಮನೆಯ ಎಲ್ಲಾ ನೀರಿನ ಪಾತ್ರೆಗಳನ್ನೂ ದನಗಳ ಕಲಗಚ್ಚಿನ ಬಾನಿಯನ್ನೂ ಬರಿದುಮಾಡಿ ಉಜ್ಜಬೇಕು. ಬರಿದುಮಾಡಲಾಗದ ದೊಡ್ಡ ತೊಟ್ಟಿಗೆ ಬಿಗಿಯಾದ ಮುಚ್ಚಳವನ್ನಾಗಲಿ ಬಟ್ಟೆಯನ್ನಾಗಲಿ ಹಾಕಬೇಕು. ಬಚ್ಚಲ ನೀರನ್ನು ಬೀದಿಗೆ ಬಿಡದೆ, ಮೂರು ನಾಲ್ಕು ಅಡಿ ಆಳದ ಗುಂಡಿಯನ್ನು ತೋಡಿ, ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು ತುಂಬಿದ ಇಂಗುಗುಂಡಿಗೆ ಹರಿಸಬೇಕು. ಇಲ್ಲವೇ ಪ್ರತಿದಿನವೂ ಪಾತಿಯನ್ನು ಬದಲಾಯಿಸುತ್ತಾ ಬಾಳೆಗೂ ಕೆಸುವಿಗೂ ಹಾಯಿಸಬೇಕು. ಬಳಕೆಯಿಲ್ಲದ ಬಾವಿಯನ್ನು ಮುಚ್ಚಬೇಕು. ಬಳಕೆಯಲ್ಲಿರುವ ಬಾವಿ ತೊಟ್ಟಿಗಳಿಗೆ ಆರೋಗ್ಯ ಇಲಾಖೆಯವರಿಂದ ಗಪ್ಪಿ ಅಥವಾ ಗ್ಯಾಂಬೂಸಿಯಾ ಮೀನನ್ನು ತಂದು ಬಿಡಬಹುದು. ಇವು ಪರದೇಶದ ಮೀನುಗಳಾಗಿ, ನಾಡಿನ ಸಣ್ಣ ಮೀನುಗಳಿಗೆ ಕೇಡು ಮಾಡುವುದರಿಂದ, ಇವುಗಳನ್ನು ಕೆರೆ ಹೊಳೆಗಳಿಗೆ ಬಿಡಕೂಡದು.

೫. ಗೆದ್ದಲು

ಗೆದ್ದಲು ಮೇಲ್ಕಂಡ ಕೀಟಗಳಂತಲ್ಲ. ಇದಕ್ಕೆ ಕೋಶಾವಸ್ಥೆಯಿಲ್ಲ, ಇದು ರಾಣಿ, ಆಳು, ಸಿಪಾಯಿಗಳೆಂಬ ವರ್ಗಗಳುಳ್ಳ ಒಂದು ಸಂಸಾರವಾಗಿ ನೆಲದೊಳಗೆ ಬಾಳುತ್ತದೆ. ಬೆರಳಿನಷ್ಟು ದಪ್ಪವಾದ ರಾಣಿಯು ದಿನವೊಂದಕ್ಕೆ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಆಳುಗಳು ಮರದ ಚೂರುಗಳನ್ನು ತಂದು ಹುತ್ತದೊಳಗೆ ಬೂಷ್ಟಿನ ತೋಟವನ್ನು ಬೆಳೆಸಿ ಅದನ್ನು ತಿನ್ನುತ್ತವೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ರುಚಿಯಾದ ಅಣಬೆಯು ಈ ತೋಟದ ಫಲವೇ. ಮುಂಗಾರಿನ ಮೊದಲ ಮಳೆಗಳಾದ ಸಂಜೆ ದೀಪಕ್ಕೆ ಮುತ್ತುವ ಈಸಲು ಹುಳುಗಳೆಂದರೆ ಹೊಸ ಸಂಸಾರವನ್ನು ಹೂಡಲು ಹೊರಟ ರೆಕ್ಕೆಯ ಗೆದ್ದಲುಗಳು.

ಗೆದ್ದಲಿನ ಮೈ ಮೃದುವಾದುದು. ಒಣಗಾಳಿಯನ್ನೂ ಬಿಸಿಲನ್ನೂ ತಾಳಲಾರದು. ಅದಕ್ಕಾಗಿಯೇ ಅದು ಎಲ್ಲಿ ಹೋದರೂ ಮಣ್ಣಿನ ಸುರಂಗವನ್ನು ಕಟ್ಟಿಕೊಂಡು ಅದರೊಳಗೆ ಸಂಚರಿಸುತ್ತದೆ. ಇದರಿಂದ ಗೃಹಸ್ಥನಿಗೆ ಎರಡು ಅನುಕೂಲಗಳಿವೆ: ಮಣ್ಣಿನ ಗೆರೆಯು ಶತ್ರುವಿನ ದಾರಿಯನ್ನು ತೋರಿಸಿಕೊಡುತ್ತದೆ, ಮರಕ್ಕೂ ಮಣ್ಣಿಗೂ ಇರುವ ಸಂಪರ್ಕವನ್ನು ತಪ್ಪಿಸಿದರೆ ಶತ್ರುವಿನ ದಾರಿಯು ದುರ್ಗಮವಾಗುತ್ತದೆ.

ಹೊಸ ಮನೆಯನ್ನು ಕಟ್ಟುವಾಗ ನಿವೇಶನದ ಬೇರು, ಬೊಡ್ಡೆ, ಹಲಗೆಯ ಚೂರು ಯಾವುದನ್ನೂ ತಳಪಾಯದೊಳಗೆ ಹೂಳಕೂಡದು. ತಳಪಾಯವನ್ನು ಕಲ್ಲು ಗಾರೆಗಳಿಂದ ಬಿರುಕಿಲ್ಲದಂತೆ ಕಟ್ಟಿ ನೆಲಮಟ್ಟಕ್ಕಿಂತ ಒಂದೂವರೆ ಅಡಿಯಾದರೂ ಎತ್ತರಿಸಬೇಕು. ಕಂಬಗಳನ್ನು ನೆಲದಲ್ಲಿ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸುತ್ತಿದ್ದ ಹಿರಿಯರ ಪದ್ಧತಿಯು ಇದಕ್ಕಾಗಿಯೇ ಶ್ಲಾಘ್ಯವಾದುದು. ತೇಗ, ಹೊನ್ನೆ ಮುಂತಾದ ಮರಗಳ ಚೇಗು ಗೆದ್ದಲಿಗೆ ಸುಲಭವಾಗಿ ಈಡಾಗುವುದಿಲ್ಲ. ಮಾವಿನ ಹಲಗೆಯೂ ಯಾವುದೇ ಮರದ ಬೆಳಿಮರದ ಭಾಗವೂ ಬೇಗನೆ ಹಾಳಾಗುವುವು. ಗೋಡೆಯೊಳಗೆ ಸೇರುವ ತೊಲೆಯ ತುದಿಗಳಿಗೂ ಬಾಗಿಲುವಾಡದ ಬುಡಕ್ಕೂ ಡಾಂಬರನ್ನಾಗಲಿ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನಾಗಲಿ ಬಳಿಯುವುದು ಒಳ್ಳೆಯದು. ಬೇಲಿಯ ಗೂಟಗಳ ತೊಗಟೆಯನ್ನು ಸುಲಿದು ನೆಡಬೇಕು. ಸೌದೆಯನ್ನೂ ಹುಲ್ಲಿನ ಬಣವೆಯನ್ನೂ ಗೋಡೆಗೆ ಒತ್ತಿ ಒಟ್ಟದೆ ಕಲ್ಲಿನ ಮೇಲೆ ಎತ್ತರಿಸಿ ಒಟ್ಟತಕ್ಕದ್ದು. ಹದಿನೈದು ದಿನಗಳಿಗೊಮ್ಮೆ ಮೂಲೆಗಳನ್ನು ನೋಡಿ, ಮಣ್ಣಿನ ಗೆರೆ ಕಂಡರೆ ಕೆರೆದುಹಾಕಿ, ಅದು ಹೊರಟ ಬಿರುಕನ್ನು ಗಾರೆಯಿಂದ ಮುಚ್ಚಬೇಕು.

ತೋಟದಲ್ಲಿ ಗೆದ್ದಲು ಸೇರಲು ಮುಖ್ಯಕಾರಣವು ಕೊಳೆಯದ ಗೊಬ್ಬರ. ಹಸಿಯ ಸಗಣಿ, ಒಣಕಡ್ಡಿ, ಸೊಪ್ಪಿನ ದಂಟುಗಳನ್ನು ಎಳೆಯ ತೆಂಗು ಮಾವುಗಳ ಬುಡಕ್ಕೆ ಹಾಕಿದರೆ ಅವುಗಳನ್ನು ತಿನ್ನಲು ಬಂದ ಗೆದ್ದಲು, ನೀರು ಕಡಮೆಯಾದಾಗ ಗಿಡವನ್ನೇ ಹಿಡಿಯುತ್ತದೆ. ಚೆನ್ನಾಗಿ ಕಳಿತ ಗೊಬ್ಬರವನ್ನೇ ಹಾಕಿ, ಪಾತಿಗೆ ಬೇವಿನ ಹಿಂಡಿಯನ್ನು ಸೇರಿಸಿ, ಬೇಸಗೆಯಲ್ಲಿ ನೀರು ತಪ್ಪದಂತೆ ನೋಡಿಕೊಳ್ಳಬೇಕು. ದೊಡ್ಡ ಮರಗಳ ತೊಗಟೆಯ ಮೇಲಿನ ಮಣ್ಣಿನ ಪದರವನ್ನು ಕಂಡು ಗಾಬರಿಯಾಗಬೇಕಾದುದಿಲ್ಲ. ಅಲ್ಲಿ ಗೆದ್ದಲು ಬಹುಮಟ್ಟಿಗೆ ಸತ್ತ ತೊಗಟೆಯನ್ನೇ ತಿನ್ನುತ್ತಿರುತ್ತದೆ. ಪೊರಕೆಯಿಂದ ಗುಡಿಸಿದರೆ ಸಾಕು.

ಮನೆಗೆ ಸಮೀಪವಾದ ಹುತ್ತದ ತಲೆಯನ್ನು ಮಾತ್ರ ಕಡಿದರೆ ಅದು ಮತ್ತೆ ಬೆಳೆಯುತ್ತದೆ. ನಡುವಿನ ಗಟ್ಟಿಗೂಡಿನವರೆಗೆ ಅಗೆದು ರಾಣಿಯನ್ನು ತೆಗೆದರೆ ಸಂಸಾರವು ಸಾಮಾನ್ಯವಾಗಿ ಕ್ಷೀಣಿಸುತ್ತದೆ. ಗೆದ್ದಲು ಬಿಟ್ಟುಹೋದ ಹುತ್ತದಲ್ಲಿ ಹಾವು ಸೇರಿರುವ ಸಂಭವವಿರುವುದರಿಂದ ಬರಿಗೈ ಹಾಕಕೂಡದು. ಊರವರು ಪೂಜಿಸುವ ಹುತ್ತವನ್ನು ಮುಟ್ಟುವ ಅಗತ್ಯವಿಲ್ಲ; ಅದಕ್ಕೂ ಮನೆಗೂ ನಡುವೆ ಮರಮುಟ್ಟು ಬೀಳದಂತೆ ನೋಡಿಕೊಂಡರೆ ಸಾಕು. ಹೊಲದ ಬದುವಿನಲ್ಲಿರುವ ಹುತ್ತವೆಲ್ಲವೂ ಶತ್ರುವಲ್ಲ. ಒಣ ಎಲೆ ಕಡ್ಡಿಗಳನ್ನು ಮಣ್ಣಿಗೆ ಸೇರಿಸುವ ಕೆಲಸವನ್ನು ಗೆದ್ದಲು ನಿತ್ಯವೂ ಮಾಡುತ್ತದೆ.

೬. ಇರುವೆ, ಹಿಟ್ಟುತಿಗಣೆ, ಜಿರಲೆ

ಇರುವೆಯು ತಾನೇ ಮಾಡುವ ಹಾನಿ ಸ್ವಲ್ಪ. ಆದರೆ ದಾಸವಾಳ, ಸೀಬೆ, ನಿಂಬೆ ಗಿಡಗಳಲ್ಲಿ ಬಿಳಿಯ ಹಿಟ್ಟಿನಂತೆ ಅಂಟಿರುವ ಹಿಟ್ಟುತಿಗಣೆಗಳು ಸುರಿಸುವ ಸಿಹಿರಸಕ್ಕಾಗಿ ಅದು ಅವುಗಳನ್ನು ಗೋಪಾಲಕನಂತೆ ಕಾಯುತ್ತದೆ. ತಿಗಣೆಯನ್ನು ತಿನ್ನಲು ಬರುವ ಮಿತ್ರಕೀಟಗಳನ್ನು ಓಡಿಸುತ್ತದೆ. ಗಿಡದ ಕಾಂಡಕ್ಕೆ ಒಂದು ಗೇಣಗಲ ಬಟ್ಟೆಯನ್ನು ಸುತ್ತಿ ಅದರ ಮೇಲೆ ಅಂಟಾದ ಗ್ರೀಸನ್ನು ಬಳಿದು, ನೆಲಕ್ಕೂ ಗೋಡೆಗೂ ತಗಲುವ ರೆಂಬೆಗಳನ್ನು ಕತ್ತರಿಸಿದರೆ ಇರುವೆಯ ದಾರಿ ಕಟ್ಟಾಗುತ್ತದೆ. ಬಳಿಕ ತಿಗಣೆಯು ತಾನಾಗಿಯೇ ಕಡಮೆಯಾಗುವುದು. ಅಡಿಗೆಮನೆಯ ಕಪಾಟಿನ ಕಾಲುಗಳ ಕೆಳಗಿನ ಬಟ್ಟಲುಗಳಿಗೆ ನೀರಿಗೆ ಬದಲಾಗಿ ಸ್ವಲ್ಪ ಎಣ್ಣೆಯನ್ನು ಹಾಕುವುದು ಮೇಲು.

ಜಿರಲೆಗೆ ಬೇಕಾದುದು ಕತ್ತಲೆಯ ಬಿರುಕು, ರಾತ್ರಿ ಮುಸುರೆಯ ತಟ್ಟೆ, ಒದ್ದೆ ನೆಲ. ಮಲಗುವ ಮೊದಲು ಪಾತ್ರೆಗಳನ್ನು ತೊಳೆದು, ಬಿರುಕುಗಳನ್ನು ಮುಚ್ಚಿ, ವರ್ಷಕ್ಕೊಂದು ಸಲ ಸುಣ್ಣ ಹೊಡೆಯಿಸುವ ಮನೆಯಲ್ಲಿ ಅದು ಹೆಚ್ಚುವುದಿಲ್ಲ.

೭. ವಿಷೌಷಧಗಳ ವಿಷಯ

ಇಷ್ಟೆಲ್ಲಾ ಶ್ರಮವೇಕೆ, ಒಂದು ಔಷಧವನ್ನು ಸಿಂಪಡಿಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಇದಕ್ಕೆ ಡಿ.ಡಿ.ಟಿ.ಯ ಚರಿತ್ರೆಯೇ ಉತ್ತರವಾಗಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಈ ಪುಡಿಯು ಬಳಕೆಗೆ ಬಂದಾಗ ನೊಣ ಸೊಳ್ಳೆಗಳ ವಂಶವೇ ನಿರ್ಮೂಲವಾಯಿತೆಂದು ಲೋಕವು ಸಂತೋಷಪಟ್ಟಿತು. ಆದರೆ ೧೯೪೬-೪೭ರ ವೇಳೆಗಾಗಲೇ ಸ್ವೀಡನ್, ಇಟಲಿ ದೇಶಗಳಲ್ಲಿ ಅದಕ್ಕೆ ಸಾಯದ ನೊಣಗಳು ಕಂಡುಬಂದುವು. ವಿಷವು ದುರ್ಬಲವಾದ ನೊಣಗಳನ್ನು ಕೊಂದು, ಅದನ್ನು ತಾಳಬಲ್ಲ ಕೆಲವನ್ನು ಉಳಿಸಿತು. ಮುಂದಿನ ಸಂತಾನವೆಲ್ಲಾ ಉಳಿದವುಗಳದೇ ಆಯಿತು. ವಿಷವು ಮಣ್ಣಿನಲ್ಲಿಯೂ ಹಾಲಿನಲ್ಲಿಯೂ ಉಳಿಯುವುದೆಂದು ತಿಳಿದುಬಂದ ಮೇಲೆ ೧೯೮೯ರಲ್ಲಿ ಭಾರತದಲ್ಲಿ ಬೇಸಾಯಕ್ಕೆ ಅದರ ಉಪಯೋಗವನ್ನು ನಿಲ್ಲಿಸಲಾಯಿತು. ಮೆತ್ತಿದ ಗುಂಡಿಗೂ ಬರಿದಾದ ತೊಟ್ಟಿಗೂ ಹೊಂದಿಕೊಂಡು ಬದುಕಬಲ್ಲ ನೊಣವಾಗಲಿ ಸೊಳ್ಳೆಯಾಗಲಿ ಇದುವರೆಗೂ ಹುಟ್ಟಿಲ್ಲ.

ವಿಷದಿಂದ ಮಿತ್ರಕೀಟಗಳೂ ಸಾಯುವುವು. ೨೦೦೮ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡುಬಂದ ಪರಂಗಿಯ ಹಿಟ್ಟುತಿಗಣೆಯು ದಕ್ಷಿಣದ ಹಿತ್ತಲುಗಳಿಗೆಲ್ಲಾ ಹರಡಿ ಪರಂಗಿ, ಹಿಪ್ಪುನೇರಳೆ ಗಿಡಗಳನ್ನು ಹಾಳುಮಾಡಿತು. ಔಷಧಗಳಿಂದ ಅದು ಹತೋಟಿಗೆ ಬರಲಿಲ್ಲ. ೨೦೧೦ರಲ್ಲಿ ಬೆಂಗಳೂರಿನ ಕೇಂದ್ರ ಸರಕಾರದ ಕೃಷಿಕೀಟ ಸಂಸ್ಥೆಯು ಪೋರ್ಟೊರಿಕೊ ದ್ವೀಪದಿಂದ ಒಂದು ಸಣ್ಣ ಪರಾವಲಂಬಿ ಕಣಜವನ್ನು ತರಿಸಿ ಸಾಕಿ ಹಂಚಿದ ಮೇಲೆ ಪಿಡುಗು ಇಳಿಯಿತು. ಇಂಥ ಕಣಜವಿರುವ ಗಿಡಕ್ಕೆ ವಿಷವನ್ನು ಸಿಂಪಡಿಸುವವನು ತನ್ನ ಕಾವಲುಗಾರನನ್ನೇ ಕೊಂದಂತಾಗುವುದು.

ಅನಿವಾರ್ಯವಾದಲ್ಲಿ ಔಷಧವನ್ನು ಉಪಯೋಗಿಸಬೇಡವೆಂದು ಇದರ ಅರ್ಥವಲ್ಲ. ತೊಲೆಗಳಿಗೆ ಗೆದ್ದಲು ಹತ್ತಿದಾಗ ಅಥವಾ ಊರಿನಲ್ಲಿ ಜ್ವರವು ಹಬ್ಬಿದಾಗ ಅದು ಬೇಕಾಗಬಹುದು. ಅಂಥ ಸಂದರ್ಭದಲ್ಲಿ ರೈತ ಸಂಪರ್ಕ ಕೇಂದ್ರದ ಅಥವಾ ಆರೋಗ್ಯ ಇಲಾಖೆಯ ಅಧಿಕಾರಿಗಳನ್ನು ಕೇಳಿ, ಹೇಳಿದ ಔಷಧವನ್ನು ಹೇಳಿದಷ್ಟೇ ಪ್ರಮಾಣದಲ್ಲಿ ಬಳಸತಕ್ಕದ್ದು. ಬೆಳೆಗೆಂದು ತಂದ ವಿಷವನ್ನು ಮನೆಯೊಳಗೆ ಎರಚುವುದು, ಅದನ್ನು ಎಣ್ಣೆಯ ಸೀಸೆಯಲ್ಲಿ ಇಡುವುದು, ಬಾವಿಯ ಕಟ್ಟೆಯ ಮೇಲೆ ಕಲಸುವುದು ಇವು ಪ್ರಾಣಾಪಾಯಕರವಾದ ಕೃತ್ಯಗಳು.

೮. ಊರಿನ ಮುಖ್ಯಸ್ಥರ ಕರ್ತವ್ಯ

ಇದುವರೆಗೆ ಹೇಳಿದುದರಲ್ಲಿ ಯಾವುದೂ ಹೆಚ್ಚು ಹಣದ ಕೆಲಸವಲ್ಲ. ಬೇಕಾದುದು ಗುದ್ದಲಿ, ಬುಟ್ಟಿ, ತೆಂಗಿನ ನಾರು, ಮತ್ತು ತಪ್ಪದ ಕ್ರಮ. ಆದರೆ ಒಂದು ಮನೆಯು ಮಾಡಿ ಹತ್ತು ಮನೆಗಳು ಬಿಟ್ಟರೆ ಶ್ರಮವು ವ್ಯರ್ಥವಾಗುವುದು. ಒಬ್ಬನ ತಿಪ್ಪೆಯ ನೊಣವು ಇನ್ನೊಬ್ಬನ ಮಗುವಿನ ತುಟಿಯ ಮೇಲೆ ಕೂರುತ್ತದೆ. ಬಡವನ ಗುಡಿಸಿಲಿನ ಹೊರಗಿನ ಒಡಕು ಮಡಕೆಯೂ ಸಿರಿವಂತನ ಮಹಡಿಯ ಮೇಲಿನ ತೆರೆದ ತೊಟ್ಟಿಯೂ ಸೊಳ್ಳೆಗೆ ಸಮಾನವೇ. ಆದುದರಿಂದ ಈ ಕಾರ್ಯವು ಊರೊಟ್ಟಿನ ಕಾರ್ಯವಾಗಿ ನಡೆಯತಕ್ಕದ್ದು. ಮೊದಲು ನಡೆಯತಕ್ಕದ್ದು ಮುಖ್ಯಸ್ಥರ ಮನೆಯಂಗಳದಲ್ಲಿ. ದೊಡ್ಡವರ ಹಿತ್ತಲಿನಲ್ಲಿ ಮುಚ್ಚದ ತಿಪ್ಪೆಯಿದ್ದರೆ ಇತರರಿಗೆ ಅವರು ಹೇಳುವ ಬುದ್ಧಿಯು ನಾಟುವುದಿಲ್ಲ.

ಪಂಚಾಯತಿಯವರು ಗ್ರಾಮಸಭೆಯಲ್ಲಿ ಕೆಳಕಂಡ ಏರ್ಪಾಡನ್ನು ಗೊತ್ತುಮಾಡಿಕೊಳ್ಳಬಹುದು:

ಪ್ರತಿ ವಾರ: ಸಂತೆಯ ಹಿಂದಿನ ದಿನವನ್ನು ನೀರಿನ ಪಾತ್ರೆಗಳನ್ನು ಒಣಗಿಸುವ ದಿನವೆಂದು ಸಾರುವುದು. ಶಾಲೆಯ ಮಕ್ಕಳು ತಮ್ಮ ತಮ್ಮ ಹಿತ್ತಲಿನ ಕರಟ ಚಿಪ್ಪುಗಳನ್ನು ಮಗುಚುವುದು.

ಪ್ರತಿ ಹದಿನೈದು ದಿನ: ಮನೆಯ ಮೂಲೆ, ಬಾಗಿಲುವಾಡ, ಸೌದೆಯ ರಾಶಿಗಳಲ್ಲಿ ಗೆದ್ದಲಿನ ಗೆರೆಗಳನ್ನು ನೋಡುವುದು.

ಮುಂಗಾರಿಗೆ ಮುಂಚೆ: ಹದವಾದ ಗೊಬ್ಬರವನ್ನೆಲ್ಲಾ ಹೊಲಕ್ಕೆ ಸಾಗಿಸಿ ಗುಂಡಿಗಳನ್ನು ಬರಿದುಮಾಡುವುದು, ಕುರುವಾಯಿಯ ಮರಿಗಳನ್ನು ಆರಿಸುವುದು, ತೋಟದ ಸತ್ತ ಮರಗಳನ್ನು ಕಡಿದು ಸಾಗಿಸುವುದು, ಚರಂಡಿಗಳ ಹೂಳನ್ನೆತ್ತುವುದು.

ಮಳೆಗಾಲದಲ್ಲಿ: ಅಡಿಕೆ ತೋಟದ ಹಾಳೆಗಳನ್ನು ಎತ್ತಿಡುವುದು, ತೆಂಗಿನ ಸುಳಿಗಳನ್ನು ಪರೀಕ್ಷಿಸುವುದು, ಜ್ವರದ ಸಮಾಚಾರವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಡನೆ ತಿಳಿಸುವುದು.

ದೀಪಾವಳಿಗೆ ಮುಂಚೆ: ತುಂಬಿದ ಗುಂಡಿಗಳನ್ನು ಮೆತ್ತುವುದು, ಹೊಸ ಗುಂಡಿಗಳನ್ನು ತೋಡುವುದು, ಮನೆಗಳಿಗೆ ಸುಣ್ಣ ಹೊಡೆದು ಬಿರುಕುಗಳನ್ನು ಮುಚ್ಚುವುದು.

ಹೀಗೆ ಒಂದು ವರ್ಷ ತಪ್ಪದೆ ನಡೆಸಿದ ಊರಿನಲ್ಲಿ ಮನೆಗಳಿಗೆ ನೊಣ ಸೊಳ್ಳೆಗಳ ಕಾಟವು ತಗ್ಗುವುದಲ್ಲದೆ ಹೊಲಗಳಿಗೆ ಹೆಚ್ಚು ಸಾರವುಳ್ಳ ಗೊಬ್ಬರವೂ ತೆಂಗಿಗೆ ಕೊರೆಯದ ಸುಳಿಯೂ ದೊರೆಯುವುವು. ಬರುವ ದೀಪಾವಳಿಯಲ್ಲಿ ತಿಪ್ಪೆಗೆ ದೀಪವಿಡುವ ಗೃಹಸ್ಥರು, ಆ ದೀಪವು ಮೆತ್ತಿ ಮುಚ್ಚಿದ ಗುಂಡಿಯ ಮೇಲೆ ಬೆಳಗುವಂತೆ ಈಗಿನಿಂದಲೇ ಕೆಲಸವನ್ನು ಪ್ರಾರಂಭಿಸುವುದು ಉಚಿತವಾಗಿದೆ.